ನಾಲ್ಕು ಅಂಗೈ ನೆಲ

ಹದಿಮೂರು ಕ್ವಿಂಟಲ್ ಕಾರು
ನೆಲ ಮುಟ್ಟುವುದು ಬರೀ ನಾಲ್ಕು ಅಂಗೈ ಅಗಲ.
ಇಪ್ಪತ್ತೊಂದು ವರ್ಷದಿಂದ ನನ್ನ ಸಂಬಳ
ಆ ನಾಲ್ಕು ಅಂಗೈಯೊಳಗಿಂದ ಬರುತ್ತಿದೆ.

ಪೀಣ್ಯ ಎರಡನೇ ಹಂತ, ಶೀಟು ಛಾವಣಿಯ ಲ್ಯಾಬು.
ಪಕ್ಕದಲ್ಲಿ ಅಗರಬತ್ತಿ ಕಾರ್ಖಾನೆ,
ಹಾಗಾಗಿ ನಮ್ಮ ರಬ್ಬರಿಗೂ
ಒಂದಿಷ್ಟು ಮಲ್ಲಿಗೆ ವಾಸನೆ.

ಟೈರನ್ನು ಅಡ್ಡ ಕೊಯ್ದು ಮೇಜಿನ ಮೇಲಿಟ್ಟಿದ್ದೇನೆ:
ನೆತ್ತಿಯಲ್ಲಿ ಉಕ್ಕಿನ ಎಳೆ, ಕೆನ್ನೆಯಲ್ಲಿ ಪಾಲಿಯೆಸ್ಟರ್ ನೂಲು,
ಬುಡದಲ್ಲಿ, ರಿಮ್ಮನ್ನು ಕಚ್ಚಿ ಹಿಡಿಯುವಲ್ಲಿ,
ಗಟ್ಟಿ ರಬ್ಬರಿನ ಒಂದು ಚೂಪು ಗೂಟ.
ಆ ಗೂಟದ ಎತ್ತರ ಎಷ್ಟಿರಬೇಕು?
ಜಗಳವೆಲ್ಲ ಅಷ್ಟೇ.
ಗಿಡ್ಡವಾದರೆ ಕೆನ್ನೆ ಮೆತ್ತಗೆ,
ಗುಂಡಿಗೆ ಬಿದ್ದರೂ ಬೆನ್ನಿಗೆ ಸುದ್ದಿ ಮುಟ್ಟುವುದಿಲ್ಲ.
ಉದ್ದವಾದರೆ ಸ್ಟೀರಿಂಗ್ ಹೇಳಿ ಮುಗಿಸುವ ಮೊದಲೇ ಕೇಳುತ್ತದೆ,
ಆದರೆ ರಸ್ತೆ ಬೈದದ್ದನ್ನೆಲ್ಲ
ಒಂದಕ್ಷರ ಬಿಡದೆ ಸೊಂಟಕ್ಕೆ ಓದಿ ಹೇಳುತ್ತದೆ.

ಸೀಟಿನ ಹಳಿಗೆ ಅಂಟಿಸಿದ ಸೆನ್ಸರುಗಳಿವೆ,
ಗ್ರಾಫು ಬಿಡಿಸುವ ಯಂತ್ರವಿದೆ.
ಆದರೂ ಕೊನೆಯ ಮಾರ್ಕು ಹಾಕುವುದು ಮುನಿವೆಂಕಟನ ಕುಂಡಿ
(ಅವನದೇ ಮಾತು, ನಾನು ಬರೆದುಕೊಂಡೆ ಅಷ್ಟೇ).
ಹದಿನಾಲ್ಕು ವರ್ಷ ಮ್ಯಾಟಡೋರಿನಲ್ಲಿ
ಕೋಲಾರದ ಟೊಮೇಟೊ ಮಾರ್ಕೆಟ್ಟಿಗೆ ತಂದವನು.
"ಹಣ್ಣು ಒಡೆದ್ರೆ ನನ್ನ ದುಡ್ಡು ಮೇಡಂ.
ಹಂಗೇ ಕಲ್ತೆ."

"ಏಳೂಮುಕ್ಕಾಲು" ಅನ್ನುತ್ತಾನೆ.
ಎಂಟು ಯಾಕಿಲ್ಲ ಎಂದರೆ,
"ಗೊರಗುಂಟೆಪಾಳ್ಯದ ಫ್ಲೈಓವರ್ ಜಾಯಿಂಟಲ್ಲಿ
'ಡಬ್' ಅನ್ಬೇಕು. 'ಡಬಕ್' ಅಂತದೆ. ಆ ಕ್ ಬೇಡ."
ಮೂರು ವಾರ ಆ 'ಕ್' ಹುಡುಕಿದೆ.
ಇನ್ನೂರ ಹತ್ತು ಹರ್ಟ್ಜ್ ಬಳಿ ಅಡಗಿತ್ತು,
ಟೈರಿನ ಹೊಟ್ಟೆಯೊಳಗಿನ ಗಾಳಿಯಲ್ಲಿ.

ಆಷಾಢದ ತುಂತುರು, ಒಂದು ಮಂಗಳವಾರ.
ಮಾದನಾಯಕನಹಳ್ಳಿ ಹತ್ತಿರ. 'ಬಿ' ಸೆಟ್ಟು ಹಾಕಿದ್ದೆವು,
ನನ್ನ ಮುದ್ದಿನದು, ಬೆಣ್ಣೆ ಕೆನ್ನೆಯದು.
ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ
ಹಂಪುಗಳನ್ನು ಎಣಿಸಲು ಹೋಗಿ ಲೆಕ್ಕ ತಪ್ಪಿದ್ದೆ,
ಖುಷಿಯಿಂದ.

ಡಿವೈಡರಿನ ಸಂದಿಯಿಂದ ಸೈಕಲ್ಲೊಂದು ಇಳಿಯಿತು,
ಹ್ಯಾಂಡಲಿಗೆ ಎರಡು ನೀರಿನ ಕ್ಯಾನು.
ಮುನಿವೆಂಕಟ ಸ್ಟೀರಿಂಗ್ ಎಳೆದ.
ಮೊದಲು ಕೆನ್ನೆ ಮಡಚಿತು.
ಆಮೇಲೆ ಬೆಲ್ಟು ತಿರುಗಿತು.
ಆಮೇಲೆ ಕಾರು.
ಆ 'ಆಮೇಲೆ'ಯೊಳಗೆ
ಹುಡುಗನ ಮೇಲ್ತುಟಿಯ ಮೀಸೆಯ ಚಿಗುರು,
ಎಡಗಾಲಿನ ಚಪ್ಪಲಿಗೆ ಹಾಕಿದ್ದ ಪಿನ್ನು
ಪೂರಾ ಕಂಡವು.

ಏನೂ ಆಗಲಿಲ್ಲ.
ಕ್ಯಾನಿನಿಂದ ತುಸು ನೀರು ತುಳುಕಿತು. ಹುಡುಗ
ನಮ್ಮ ಅಮ್ಮಂದಿರ ಹೆಸರಿಗೆ ಒಂದು ಬೈಗುಳ ಎಸೆದು ಹೋದ.
ಗಾಡಿ ಬದಿಗೆ ಹಾಕಿ ಮುನಿವೆಂಕಟ ಹಾಳೆ ಕೇಳಿದ.
ಸುಖ: ಒಂಬತ್ತು.
ಹಿಡಿತ: ಐದು.
ಷರಾ ಕಾಲಮ್ಮಿನಲ್ಲಿ, ಗೆರೆ ಮೀರಿದ ಅಕ್ಷರದಲ್ಲಿ:
'ಕೇಳ್ತದೆ. ಆದ್ರೆ ಯೋಚ್ನೆ ಮಾಡಿ ಕೇಳ್ತದೆ.'

ಗ್ರಾಫಿನಲ್ಲೂ ಆ ಯೋಚನೆ ಇದೆ.
ಸೆಕೆಂಡಿನ ಹನ್ನೆರಡರಲ್ಲೊಂದು ಪಾಲು,
ಎರಡು ಗೆರೆಗಳ ನಡುವೆ ಹಲ್ಲಿನ ಸಂದಿಯಷ್ಟು.
ಮಾರ್ಚಿನ ವರದಿಯಲ್ಲಿ ಅದರ ಮುಂದೆ
'ಅಡ್ಡಿಯಿಲ್ಲ' ಎಂದು ಬರೆದವಳು ನಾನೇ.

ಗೂಟವನ್ನು ಆರು ಮಿಲಿಮೀಟರ್ ಎತ್ತರಿಸಿದೆ.
ನೆತ್ತಿಯ ರಬ್ಬರು ತುಸು ಮೆದು ಮಾಡಿ
ಕಳೆದ ಸುಖದಲ್ಲಿ ಚೂರುಪಾರು ವಾಪಸು ತಂದೆ.
ಏಳಕ್ಕೆ ಬಂದು ನಿಂತಿತು.
ಮಾರ್ಕೆಟಿಂಗಿನ ಶಾಲ್ಮಲಿ ಮುಖ ಸಣ್ಣ ಮಾಡಿದಳು:
"ಈ ಊರಿನ ಗುಂಡಿಗೆ ಏಳು ಸಾಲಲ್ಲ."
ಸಾಲದು. ನನಗೂ ಗೊತ್ತು.
ಗುಂಡಿ ಮುಚ್ಚುವುದು ಟೈರಿನ ಕೆಲಸವಾ ಅನ್ನಬೇಕೆನಿಸಿತು.
ಅನ್ನಲಿಲ್ಲ. ಕ್ಯಾನಿನ ನೀರು ನೆನಪಾಯಿತು,
ಅದನ್ನೂ ಅನ್ನಲಿಲ್ಲ.

ಸಂಜೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದೆ. ಹಿಂದಿನ ಸಾಲು.
ಹಂಪು ಬಂದಾಗ ಐದೂ ಜನ
ಒಟ್ಟಿಗೆ ಎದ್ದು ಒಟ್ಟಿಗೆ ಕೂತೆವು,
ಪಕ್ಕದಾಕೆಯ ಮಡಿಲ ದಂಟಿನ ಸೊಪ್ಪೂ.
ಮೂರೂವರೆ, ಅಂದುಕೊಂಡೆ.
ಅಷ್ಟರಲ್ಲಿ ಆಟೋ ಒಂದು ಅಡ್ಡ ನುಗ್ಗಿತು.
ಡ್ರೈವರ್ ಹೇಳಿದ ಕೂಡಲೇ ಸರಿಯಿತು
ಅಷ್ಟು ದೊಡ್ಡ ಬಸ್ಸು.
ನನ್ನ ಸೊಂಟ ಹಿಡಿದುಕೊಂಡಿತ್ತು.
ಪಕ್ಕದಾಕೆ ಸೊಪ್ಪನ್ನು
ಮತ್ತೆ ಮಡಿಲಿಗೆ ಎಳೆದುಕೊಂಡಳು.